ಬಿದ್ದ ಜಾಗ ಒಂದು, ತಪ್ಪಿದ ಜಾಗ ಇನ್ನೊಂದು: ಅಸೆಂಬ್ಲಿಯಲ್ಲಿ ಹೀಪ್ ಮೆಮೊರಿಯ ತೊಡಕುಗಳು

ಸಿ ಭಾಷೆಯಲ್ಲಿ ಮಾಲಾಕ್ ಎಂದು ಕರೆದರೆ ಹೀಪ್‌ನಿಂದ, ಅಂದರೆ ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಜಾಗದಿಂದ, ಮೆಮೊರಿ ಬರುತ್ತದೆ. ಪೈಥಾನ್ ಬರೆಯುವವರು ಅಷ್ಟನ್ನೂ ಕೇಳಬೇಕಿಲ್ಲ. ಅಸೆಂಬ್ಲಿಯಲ್ಲಿ ಹಾಗಲ್ಲ. ಯಾರನ್ನು ಕೇಳಬೇಕು, ಯಾವ ಅಳತೆಯಲ್ಲಿ ಕೇಳಬೇಕು, ಬೇಡಿಕೆಯನ್ನು ಯಾವ ರಿಜಿಸ್ಟರಿನಲ್ಲಿ ಇಡಬೇಕು, ಉತ್ತರ ಎಲ್ಲಿಗೆ ಬರುತ್ತದೆ, ‘ಇಲ್ಲ’ ಎಂಬ ಉತ್ತರವನ್ನು ಹೇಗೆ ಗುರುತಿಸಬೇಕು, ಇಷ್ಟನ್ನೂ ಬರೆಯುವವರೇ ತಿಳಿದಿರಬೇಕು. ಒಂದು ತಪ್ಪಿದರೂ ಪ್ರೋಗ್ರಾಂ ಬೀಳುತ್ತದೆ. ಆದರೆ ತಪ್ಪಿದ ಸಾಲಿನಲ್ಲೇ ಬೀಳುವುದು ಅಪರೂಪ. ಎಷ್ಟೋ ಸಾಲು ದಾಟಿ, ಯಾವ ಸಂಬಂಧವೂ ಇಲ್ಲದ ಕಡೆ ಹೋಗಿ ನಿಲ್ಲುತ್ತದೆ. ‘ಹೀಪ್ ಕೆಟ್ಟಿದೆ’ ಎಂದು ವಿದ್ಯಾರ್ಥಿಗಳು ತಂದು ತೋರಿಸುವ ಪ್ರೋಗ್ರಾಂಗಳಲ್ಲಿ ನಿಜಕ್ಕೂ ಹೀಪ್ ಕೆಟ್ಟಿರುವುದು ಕಡಿಮೆ. ಕೇಳಿದ ರೀತಿ ತಪ್ಪಿರುತ್ತದೆ, ಇಲ್ಲವೇ ಕೊಟ್ಟ ಜಾಗದ ಗಡಿ ಮೀರಿರುತ್ತದೆ. ಈ ಎರಡನ್ನು ಮೊದಲು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ನಂಬಿಕೆ.

ಅಮರಾಪುರ, ಮಡಕಶಿರ, ರಾಯದುರ್ಗದ ಕಡೆ ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದ ಮಕ್ಕಳು ಎಂಜಿನಿಯರಿಂಗ್ ಓದಲು ಅನಂತಪುರಕ್ಕೋ ಹಿಂದೂಪುರಕ್ಕೋ ಹೋಗುತ್ತಾರೆ, ಇಲ್ಲವೇ ಗಡಿ ದಾಟಿ ತುಮಕೂರು, ಬೆಂಗಳೂರು ಸೇರುತ್ತಾರೆ. ಅನಂತಪುರದ ಎಂಜಿನಿಯರಿಂಗ್ ಕಾಲೇಜು 1946ರಷ್ಟು ಹಳೆಯದು. ಅದೇ ನೆಲೆಯಲ್ಲಿ 2008ರಲ್ಲಿ ಜೆಎನ್‌ಟಿಯು ಅನಂತಪುರ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆ 1963ರದು. ಎಲ್ಲಿ ಸೇರಿದರೂ ಅಸೆಂಬ್ಲಿಯ ಮುಖಾಮುಖಿ ಬಹುಕಾಲ ಇಂಟೆಲ್ 8086ರ ಲ್ಯಾಬ್‌ನಲ್ಲೇ ಆಗುತ್ತಿತ್ತು. ಕರ್ನಾಟಕದ ವಿಟಿಯು ತನ್ನ ಕಂಪ್ಯೂಟರ್ ಸೈನ್ಸ್ ಪಠ್ಯವನ್ನು 2018ರ ಸ್ಕೀಮಿನಲ್ಲಿ ಎಆರ್‌ಎಂ ಕಡೆಗೆ ತಿರುಗಿಸಿತು. ಲ್ಯಾಬ್ ಮ್ಯಾನುಯಲ್‌ನಲ್ಲಿ ಇರುವುದು ಸಂಖ್ಯೆಗಳ ವಿಂಗಡಣೆ, ಪದ ತಿರುಗಿಸುವುದು, ಸ್ಟೆಪ್ಪರ್ ಮೋಟಾರ್. ಹೀಪ್ ಎಂಬುದು ಅಲ್ಲಿ ಬರುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಲಿಂಕ್ಡ್ ಲಿಸ್ಟನ್ನು ಅಸೆಂಬ್ಲಿಯಲ್ಲಿ ಬರೆದು ನೋಡೋಣ ಎಂದು ಆಸೆಪಟ್ಟ ಹುಡುಗಿಗೆ ದಾರಿ ತೋರಿಸುವವರು ಸಿಗುವುದಿಲ್ಲ. ಆ ಆಸೆ ಇರುವವರಿಗಾಗಿಯೇ ಈ ಸಮೀಕ್ಷೆ.

ಡಾಸ್‌ನಿಂದ ಶುರು ಮಾಡುವುದು ಒಳ್ಳೆಯದು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡದ ಕಾರಣ ಈಗ ಡಾಸ್‌ಬಾಕ್ಸ್ ಹಾಕಿಕೊಂಡು ಮಾಸ್ಮ್ ಅಸೆಂಬ್ಲರ್ ಓಡಿಸುತ್ತಾರೆ, ಆದರೆ ಒಳಗಿನ ನಿಯಮಗಳೆಲ್ಲ 1983ರ ಡಾಸ್ 2.0ರವೇ. ಇಂಟರಪ್ಟ್ 21ಎಚ್‌ನ 48ಎಚ್ ಸೇವೆ ಮೆಮೊರಿ ಕೊಡುತ್ತದೆ, 49ಎಚ್ ವಾಪಸ್ ಪಡೆಯುತ್ತದೆ, 4ಎಎಚ್ ಅಳತೆ ಬದಲಿಸುತ್ತದೆ. ಹೊಸಬರು 48ಎಚ್ ಕರೆದ ತಕ್ಷಣ ಎದುರಾಗುವುದು ಸೋಲು. 640 ಕೆಬಿಯಲ್ಲಿ ಬಹುಪಾಲು ಖಾಲಿ ಬಿದ್ದಿದೆ, ಕೇಳಿದ್ದು ನೂರು ಬೈಟ್, ಆದರೂ ಸಿಗುವುದಿಲ್ಲ. ಕಾರಣ ಸರಳ: ಪ್ರೋಗ್ರಾಂ ಲೋಡ್ ಆಗುವಾಗಲೇ ಡಾಸ್ ಇರುವ ಮೆಮೊರಿಯನ್ನೆಲ್ಲ ಅದಕ್ಕೇ ಬರೆದುಕೊಟ್ಟಿರುತ್ತದೆ. ಮೊದಲು 4ಎಎಚ್ ಕರೆದು ನಮಗೆ ಬೇಡದ್ದನ್ನು ಬಿಟ್ಟುಕೊಡಬೇಕು, ಆಮೇಲೆ ಕೇಳಬೇಕು. 

ಬಿಟ್ಟುಕೊಡುವುದರಲ್ಲೂ ಎರಡು ಗುಂಡಿಗಳಿವೆ. 4ಎಎಚ್‌ಗೆ ಇಎಸ್ ರಿಜಿಸ್ಟರಿನಲ್ಲಿ ಪ್ರೋಗ್ರಾಂನ ಪಿಎಸ್‌ಪಿಯ (ಪ್ರೋಗ್ರಾಂ ಸೆಗ್ಮೆಂಟ್ ಪ್ರಿಫಿಕ್ಸ್) ಸೆಗ್ಮೆಂಟ್ ವಿಳಾಸ ಇರಬೇಕು. ಆರಂಭದಲ್ಲಿ ಅದು ಅಲ್ಲೇ ಇರುತ್ತದೆ. ಆದರೆ ಸ್ಟ್ರಿಂಗ್ ಆದೇಶಗಳಿಗೆ ಬೇಕೆಂದು ಮೊದಲ ಸಾಲುಗಳಲ್ಲೇ ಇಎಸ್‌ಗೆ ಡೇಟಾ ಸೆಗ್ಮೆಂಟನ್ನು ತುಂಬುವ ರೂಢಿ ಇದೆ. ಹಾಗೆ ತುಂಬಿದ ಮೇಲೆ 4ಎಎಚ್ ಕರೆದರೆ ಎರರ್ 9, ‘ಇಂಥ ಬ್ಲಾಕೇ ಇಲ್ಲ’. ಎರಡನೆಯದು ಇನ್ನೂ ಕೆಟ್ಟದ್ದು. ಬಿಎಕ್ಸ್‌ನಲ್ಲಿ ಉಳಿಸಿಕೊಳ್ಳುವ ಅಳತೆಯನ್ನು ಕಡಿಮೆ ಹೇಳಿದರೆ ಡಾಸ್ ಮರುಮಾತಿಲ್ಲದೆ ಒಪ್ಪುತ್ತದೆ. ಪ್ರೋಗ್ರಾಂನ ಸ್ಟ್ಯಾಕ್ ಸಾಮಾನ್ಯವಾಗಿ ಕೊನೆಯಲ್ಲಿರುವುದರಿಂದ ಅದು ಹೊರಗೆ ಉಳಿಯುತ್ತದೆ. ಮುಂದಿನ 48ಎಚ್ ಅದೇ ಜಾಗವನ್ನು ಹೀಪ್ ಎಂದು ನಮಗೇ ತಿರುಗಿ ಕೊಡುತ್ತದೆ. ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಯಾವುದೋ ಪ್ರೊಸೀಜರ್‌ನ ಹಿಂದಿರುಗುವ ವಿಳಾಸ ಅಳಿಯುತ್ತದೆ.

ಅಳತೆಯ ವಿಷಯ. ಡಾಸ್ ಕೊಡುವುದು ಬೈಟ್ ಲೆಕ್ಕದಲ್ಲಲ್ಲ, 16 ಬೈಟಿನ ಪ್ಯಾರಾಗ್ರಾಫ್ ಲೆಕ್ಕದಲ್ಲಿ. 100 ಬೈಟ್ ಬೇಕೆಂದು ಬಿಎಕ್ಸ್‌ಗೆ 100 ಹಾಕಿದವರಿಗೆ 1600 ಸಿಗುತ್ತದೆ, ನಷ್ಟವಿಲ್ಲ. ತಿಳಿದವರು 100ನ್ನು ನಾಲ್ಕು ಬಿಟ್ ಬಲಕ್ಕೆ ಸರಿಸಿ 6 ಹಾಕುತ್ತಾರೆ, ಸಿಗುವುದು 96. ಮೊದಲು 15 ಕೂಡಿಸಿ ಆಮೇಲೆ ಸರಿಸಬೇಕಿತ್ತು. ಕೊರತೆಯಾದ ನಾಲ್ಕು ಬೈಟ್ ಹೋಗಿ ಬೀಳುವುದು ಮುಂದಿನ ಬ್ಲಾಕಿನ ತಲೆಬರಹದ ಮೇಲೆ. ಆ ತಲೆಬರಹದ ಮೊದಲ ಬೈಟ್ ‘ಎಂ’ ಅಥವಾ ‘ಜೆಡ್’ ಅಕ್ಷರ, ಮುಂದಿನ ಎರಡು ಯಜಮಾನನ ಗುರುತು, ಆಮೇಲೆ ಅಳತೆ. ನಾಲ್ಕೇ ಬೈಟಿನಲ್ಲಿ ಮೂರೂ ಕೆಟ್ಟವು. ಇದರ ದೂರು ಮುಂದಿನ ಸಲ ಮೆಮೊರಿ ಕೇಳಿದಾಗ ಎರರ್ 7 ಎಂದು ಬರುತ್ತದೆ, ಅಥವಾ ನಮ್ಮ ಪ್ರೋಗ್ರಾಂ ನೆಟ್ಟಗೆ ಮುಗಿದು ಡಾಸ್‌ಗೆ ಮರಳಿದ ಮೇಲೆ ಇಡೀ ಯಂತ್ರವೇ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಕಲಿಸಲು ಯೋಗ್ಯವಾದದ್ದು ಕ್ಯಾರಿ ಫ್ಲಾಗಿನ ಕತೆ. 48ಎಚ್ ಸೋತರೆ ಕ್ಯಾರಿ ಏರುತ್ತದೆ, ಎಎಕ್ಸ್‌ನಲ್ಲಿ 8 ಬರುತ್ತದೆ. ಮೆಮೊರಿ ಸಾಲದು ಎಂಬುದರ ಸಂಖ್ಯೆ ಅದು. ಕ್ಯಾರಿ ನೋಡದೆ ಎಎಕ್ಸನ್ನು ಸೆಗ್ಮೆಂಟ್ ಎಂದು ನಂಬಿ ಬರೆಯಲು ಹೊರಟರೆ ಎಲ್ಲಿ ಬರೆದಂತಾಯಿತು? ಸೆಗ್ಮೆಂಟ್ 8ನ್ನು 16ರಿಂದ ಗುಣಿಸಿದರೆ 128. ಮೆಮೊರಿಯ ಮೊದಲ 1024 ಬೈಟ್ ಇಂಟರಪ್ಟ್ ಕೋಷ್ಟಕ, ಪ್ರತಿ ಇಂಟರಪ್ಟ್‌ಗೆ ನಾಲ್ಕು ಬೈಟ್. 21ಎಚ್ ಎಂದರೆ 33. ಅದರ ಜಾಗ 132ರಿಂದ. ಅಂದರೆ ಬರೆದ ಐದನೆಯ ಬೈಟಿಗೇ ಡಾಸ್‌ನ ಬಾಗಿಲಿನ ವಿಳಾಸ ಅಳಿಸಿಹೋಗುತ್ತದೆ. ಬರೆಯುವಾಗ ಏನೂ ಆಗುವುದಿಲ್ಲ. ಆಮೇಲೆ ಪರದೆಯ ಮೇಲೆ ಒಂದು ಅಕ್ಷರ ಮೂಡಿಸಲು 21ಎಚ್ ಕರೆದಾಗ ಯಂತ್ರ ಸ್ತಬ್ಧ. ವಿದ್ಯಾರ್ಥಿ ಹುಡುಕುವುದು ಅಕ್ಷರ ಮೂಡಿಸುವ ಸಾಲಿನಲ್ಲಿ, ಕಾಣೆಯಾಗಿರುವುದು ಎಷ್ಟೋ ಮೇಲಿನ ಒಂದು ‘ಜೆಸಿ’ ಆದೇಶ. ಇಷ್ಟು ಅಚ್ಚುಕಟ್ಟಾಗಿ ಕಾರಣ ಮತ್ತು ಪರಿಣಾಮ ದೂರವಾಗುವ ಇನ್ನೊಂದು ಉದಾಹರಣೆ 8086 ಲ್ಯಾಬಿನಲ್ಲಿ ನನಗೆ ಗೊತ್ತಿಲ್ಲ. ಪ್ರತಿ ತರಗತಿಯಲ್ಲೂ ಇದನ್ನು ಬೇಕೆಂದೇ ಮಾಡಿ ತೋರಿಸಬೇಕು.

ಮಾರ್ಸ್, ಸ್ಪಿಮ್, ರಾರ್ಸ್‌ನಂಥ ಸಿಮ್ಯುಲೇಟರುಗಳಲ್ಲಿ ವಿಷಯ ಹಗುರ. ಸೇವೆ ಸಂಖ್ಯೆ 9 ಹಾಕಿ ಎಷ್ಟು ಬೈಟ್ ಎಂದರೆ ವಿಳಾಸ ಬರುತ್ತದೆ; ವಾಪಸ್ ಕೊಡುವ ಸೇವೆಯೇ ಇಲ್ಲ. ನಾಲ್ಕರ ಮಡಿಯಲ್ಲದ ವಿಳಾಸದಿಂದ ಪದ ಓದಿದರೆ ತಕ್ಷಣ ಬಯ್ಯುತ್ತದೆ, ಅಷ್ಟೆ. ಎಲ್‌ಪಿಸಿ2148 ಎಆರ್‌ಎಂ ಬೋರ್ಡಿನಲ್ಲಿ ಮಾತ್ರ ಎಚ್ಚರ ಬೇಕು. 32 ಕೆಬಿ ರ‍್ಯಾಮ್, ಕಾವಲಿಗೆ ಆಪರೇಟಿಂಗ್ ಸಿಸ್ಟಂ ಇಲ್ಲ. ಕೈಲ್ ತಂತ್ರಾಂಶದ ಜೊತೆ ಬರುವ ಸ್ಟಾರ್ಟ್‌ಅಪ್ ಫೈಲಿನಲ್ಲಿ ಹೀಪ್ ಅಳತೆ ಎಷ್ಟಿದೆಯೆಂದು ಮೊದಲು ನೋಡಿ. ಅಲ್ಲಿ ಸೊನ್ನೆ ಇದ್ದರೆ ಎಷ್ಟು ಕೇಳಿದರೂ ಸಿಗುವುದು ಸೊನ್ನೆಯೇ. ಕೆಳಗಿನಿಂದ ಏರುವ ಹೀಪ್ ಮತ್ತು ಮೇಲಿನಿಂದ ಇಳಿಯುವ ಸ್ಟ್ಯಾಕ್ ಒಂದರೊಳಗೊಂದು ಹೊಕ್ಕರೆ ಹೇಳುವವರು ಯಾರೂ ಇಲ್ಲ.

ಇಂದು ಕಲಿಯಲು ಸರಿಯಾದ ಜಾಗ 64 ಬಿಟ್ ಲಿನಕ್ಸ್. ಕರ್ನಲ್ಲನ್ನು ನೇರವಾಗಿ ಕೇಳಲು ಎರಡು ದಾರಿ: ಬಿಆರ್‌ಕೆ, ಸಂಖ್ಯೆ 12, ಎಂಮ್ಯಾಪ್, ಸಂಖ್ಯೆ 9. ಹಳೆಯ 32 ಬಿಟ್ ಪಾಠಗಳಿಂದ ‘ಇಂಟ್ 80ಎಚ್’ ನಕಲು ಮಾಡಿ ಈ ಸಂಖ್ಯೆಗಳನ್ನು ಹಾಕಿದರೆ ನಡೆಯುವುದೇ ಬೇರೆ. 32 ಬಿಟ್ ಕೋಷ್ಟಕದಲ್ಲಿ 12 ಎಂದರೆ ಡೈರೆಕ್ಟರಿ ಬದಲಿಸುವುದು, 9 ಎಂದರೆ ಫೈಲಿಗೆ ಲಿಂಕ್ ಮಾಡುವುದು. ತಿರುವುಮುರುವಾದರೂ ಹಾಗೆಯೇ: 32 ಬಿಟ್‌ನ ಬಿಆರ್‌ಕೆ ಸಂಖ್ಯೆ 45ನ್ನು ‘ಸಿಸ್ಕಾಲ್’ ಆದೇಶದ ಜೊತೆ ಕೊಟ್ಟರೆ ಅದು ಸಾಕೆಟ್ಟಿನಿಂದ ಡೇಟಾ ಪಡೆಯುವ ಕರೆ. ಮೆಮೊರಿ ಬರಲಿಲ್ಲವೆಂದು ಕೊರಗುವ ಮೊದಲು ಎಸ್‌ಟ್ರೇಸ್ ಒಳಗೆ ಓಡಿಸಿ, ಕರ್ನಲ್ ಕಿವಿಗೆ ಯಾವ ಕರೆ ಬಿತ್ತೆಂದು ಓದಬೇಕು. ಈ ಗುಂಪಿನ ತಪ್ಪುಗಳು ಅಲ್ಲಿ ಒಂದೇ ಸಾಲಿನಲ್ಲಿ ಬಯಲಾಗುತ್ತವೆ.

ಎಂಮ್ಯಾಪ್‌ಗೆ ಆರು ಮಾಹಿತಿ ಕೊಡಬೇಕು. ಸಾಮಾನ್ಯ ಫಂಕ್ಷನ್ ಕರೆಯಲ್ಲಿ ನಾಲ್ಕನೆಯದು ಆರ್‌ಸಿಎಕ್ಸ್‌ನಲ್ಲಿ ಹೋಗುತ್ತದೆ. ಕರ್ನಲ್ ಕರೆಯಲ್ಲಿ ಅದು ಆರ್10ರಲ್ಲಿ ಇರಬೇಕು, ಏಕೆಂದರೆ ಸಿಸ್ಕಾಲ್ ಆದೇಶವೇ ಆರ್‌ಸಿಎಕ್ಸ್ ಮತ್ತು ಆರ್11ನ್ನು ಬಳಸಿ ಅಳಿಸಿಬಿಡುತ್ತದೆ. ಇದು ತಪ್ಪಿದಾಗ ಸಾಮಾನ್ಯವಾಗಿ ಬರುವ ಉತ್ತರ −22. ಆ ಉತ್ತರವನ್ನು ಸೊನ್ನೆಯೋ ಅಲ್ಲವೋ ಎಂದಷ್ಟೇ ಪರೀಕ್ಷಿಸಿದರೆ ಪಾಸಾಗಿಬಿಡುತ್ತದೆ. ಸೊನ್ನೆ ಮಾಲಾಕ್‌ನ ಸೋಲಿನ ಗುರುತು, ಕರ್ನಲ್‌ನದಲ್ಲ. ಕರ್ನಲ್ ಸೋತಾಗ −1ರಿಂದ −4095ರ ಒಳಗಿನ ಸಂಖ್ಯೆ ಕೊಡುತ್ತದೆ. ಡಿಬಗ್ಗರಿನಲ್ಲಿ ವಿಳಾಸದ ಜಾಗದಲ್ಲಿ ಎಫ್‌ಗಳ ಉದ್ದ ಸಾಲು ಕಂಡರೆ ಅದು ವಿಳಾಸವಲ್ಲ, ಎರರ್ ಸಂಖ್ಯೆ. ಬಿಆರ್‌ಕೆಯ ನಡವಳಿಕೆ ಮತ್ತೂ ಬೇರೆ. ಕೈಪಿಡಿ ಪುಟದಲ್ಲಿ ಸೋತರೆ −1 ಎಂದು ಓದುವುದು ಸಿ ಲೈಬ್ರರಿಯ ಹೊದಿಕೆಯ ಮಾತು. ನೇರ ಕರೆ ಸೋತರೆ ಹಳೆಯ ಗಡಿಯನ್ನೇ ತಿರುಗಿ ಕೊಡುತ್ತದೆ. ಹಾಗಾಗಿ ಕೇಳಿದ ಗಡಿ, ಬಂದ ಗಡಿ ಎರಡನ್ನೂ ಹೋಲಿಸಿಯೇ ತಿಳಿಯಬೇಕು.

ಅಸೆಂಬ್ಲಿಯಿಂದ ಮಾಲಾಕನ್ನೇ ಕರೆಯುವವರು ಬೇರೆ ಒಪ್ಪಂದಕ್ಕೆ ಬದ್ಧರು. ಕರೆ ಹೋಗಿ ಬಂದ ಮೇಲೆ ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್‌ಎಸ್‌ಐ, ಆರ್‌ಡಿಐ, ಆರ್8ರಿಂದ ಆರ್11, ಇವುಗಳಲ್ಲಿ ಏನಿತ್ತೋ ಅದು ಉಳಿದಿರುತ್ತದೆಂದು ನಂಬುವಂತಿಲ್ಲ. ಲೂಪ್ ಎಣಿಕೆಯನ್ನು ಆರ್‌ಸಿಎಕ್ಸ್‌ನಲ್ಲಿಟ್ಟು ಒಳಗೆ ಮಾಲಾಕ್ ಕರೆದರೆ ಲೂಪ್ ಎಷ್ಟು ಸಲ ಸುತ್ತುತ್ತದೆಂದು ಹೇಳಲಾಗದು. ಉಳಿಯಬೇಕಾದದ್ದನ್ನು ಆರ್‌ಬಿಎಕ್ಸ್ ಅಥವಾ ಆರ್12ರಿಂದ ಆರ್15ರಲ್ಲಿ ಇಡಬೇಕು. ಕರೆಯುವ ಕ್ಷಣದಲ್ಲಿ ಆರ್‌ಎಸ್‌ಪಿ 16ರ ಮಡಿಯಾಗಿರಬೇಕು. ಒಂದು ಪುಷ್ ಹೆಚ್ಚಾದರೂ ತಪ್ಪುತ್ತದೆ. ಇದರ ಕೆಡುಕೆಂದರೆ ಮಾಲಾಕ್ ಸುಮ್ಮನೆ ನಡೆದುಹೋಗಿ ಪ್ರಿಂಟ್‌ಎಫ್‌ನ ಒಳಗಿನ ಯಾವುದೋ ‘ಮೂವ್‌ಎಪಿಎಸ್’ ಆದೇಶದಲ್ಲಿ ಬೀಳಬಹುದು. ವಿಂಡೋಸ್‌ನಲ್ಲಿ ರಿಜಿಸ್ಟರುಗಳ ಸರದಿಯೇ ಬೇರೆ, ಮೇಲಿಂದ 32 ಬೈಟ್ ನೆರಳು ಜಾಗವನ್ನೂ ಬಿಡಬೇಕು. ಲಿನಕ್ಸ್ ಕೋಡನ್ನು ಅಲ್ಲಿಗೆ ಒಯ್ದವರು ಹೀಪ್‌ಅಲಾಕನ್ನು (ವಿಂಡೋಸ್‌ನ ಮೆಮೊರಿ ಕೊಡುವ ಕರೆ) ದೂರುವ ಮೊದಲು ಇದನ್ನು ನೋಡಬೇಕು.

ಇನ್ನೊಂದು ಹಳೆಯ ರೋಗ, ಬಂದ ವಿಳಾಸವನ್ನು ಅರ್ಧಕ್ಕೆ ಕತ್ತರಿಸುವುದು. ಪಾಯಿಂಟರಿಗೆ ಎಂಟು ಬೈಟಿನ ‘ಡಿಕ್ಯೂ’ ಬದಲು ನಾಲ್ಕು ಬೈಟಿನ ‘ಡಿಡಿ’ ಇಟ್ಟು ಇಎಎಕ್ಸನ್ನು ಮಾತ್ರ ಉಳಿಸಿದರೂ ಹಿಂದೆ ಬಹಳಷ್ಟು ಪ್ರೋಗ್ರಾಂಗಳು ಓಡುತ್ತಿದ್ದವು; ಹೀಪ್ ಕೆಳಗಿನ ವಿಳಾಸಗಳಲ್ಲಿ, 4 ಜಿಬಿಯ ಒಳಗೇ ಇರುತ್ತಿತ್ತು. 2016ರ ಉಬುಂಟು 16.10ರಿಂದ ಪ್ರೋಗ್ರಾಂಗಳು ಎಲ್ಲಿ ಬೇಕಾದರೂ ಲೋಡ್ ಆಗುವ ‘ಪೈ’ ರೂಪದಲ್ಲಿ ಲಿಂಕ್ ಆಗತೊಡಗಿದವು, ಹೀಪ್ ಮೇಲಕ್ಕೆ ಹೋಯಿತು, ಅದೇ ಕೋಡ್ ಬೀಳತೊಡಗಿತು. ಸೀನಿಯರ್ ಕೊಟ್ಟ ಫೈಲ್ ಅವರ ಯಂತ್ರದಲ್ಲಿ ಓಡಿ ನಮ್ಮದರಲ್ಲಿ ಓಡದಿದ್ದರೆ ಇದನ್ನು ಮೊದಲು ಅನುಮಾನಿಸಿ.

ಇಲ್ಲಿಯವರೆಗಿನದು ಕೇಳುವ ತಪ್ಪು. ಗಡಿ ಮೀರುವ ತಪ್ಪಿಗೆ ನಮ್ಮ ಊರುಗಳ ಹೆಸರನ್ನೇ ತೆಗೆದುಕೊಳ್ಳೋಣ. ಯೂನಿಕೋಡ್ ಕನ್ನಡದಲ್ಲಿ ‘ಅಮರಾಪುರ’ ಎಂದು ಯುಟಿಎಫ್-8ರಲ್ಲಿ ಬರೆದಿಡಬೇಕು. ಕಣ್ಣಿಗೆ ಕಾಣುವುದು ಐದು ಅಕ್ಷರ. ಕಂಪ್ಯೂಟರಿಗೆ ದೀರ್ಘ, ಕೊಂಬು ಬೇರೆ ಬೇರೆ ಸಂಕೇತಗಳು, ಒಟ್ಟು ಏಳು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. 21 ಆಯಿತು, ಕೊನೆಯ ಸೊನ್ನೆ ಸೇರಿ 22. ‘ರಾಯದುರ್ಗ’ಕ್ಕೆ ಅಕ್ಷರ ನಾಲ್ಕೇ. ಆದರೆ ರಕ್ಕೆ ದೀರ್ಘ, ದಕ್ಕೆ ಕೊಂಬು, ಅರ್ಕಾವೊತ್ತಿನ ಒಳಗೆ ಒಂದು ವಿರಾಮ ಸಂಕೇತ. ಎಂಟು ಸಂಕೇತ, 24 ಬೈಟ್, ಸೊನ್ನೆ ಸೇರಿ 25. ಅಕ್ಷರ ಕಡಿಮೆಯಾದ ಹೆಸರೇ ಹೆಚ್ಚು ಜಾಗ ಕೇಳುತ್ತದೆ. ಇಂಗ್ಲಿಷ್ ಹೆಸರುಗಳ ಮೇಲೆ ಬರೆದ ಪಾಠಗಳಲ್ಲಿ ಈ ಲೆಕ್ಕ ಬರುವುದಿಲ್ಲ, ಕನ್ನಡದ ಮಕ್ಕಳು ಇದನ್ನು ತಾವೇ ಎಡವಿ ಕಲಿಯಬೇಕಾಗಿದೆ.

ಈಗ ಒಬ್ಬರು ಅಕ್ಷರ ಎಣಿಸಿ ಒಂದು ಕೂಡಿಸಿ ಮಾಲಾಕ್ ಕೇಳಿದರೆನ್ನಿ: ಅಮರಾಪುರಕ್ಕೆ 6, ರಾಯದುರ್ಗಕ್ಕೆ 5. 64 ಬಿಟ್ ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿಯಲ್ಲಿ ಎಷ್ಟೇ ಕಡಿಮೆ ಕೇಳಿದರೂ ಸಿಗುವ ಬ್ಲಾಕ್ 32 ಬೈಟಿಗಿಂತ ಕಿರಿದಾಗುವುದಿಲ್ಲ, ಅದರಲ್ಲಿ ನಾವು ಬಳಸಬಹುದಾದದ್ದು 24. ಅಮರಾಪುರದ 22 ಬೈಟ್ ಅದರಲ್ಲಿ ಹಿಡಿಸಿಬಿಡುತ್ತವೆ! ತಪ್ಪು ಇದೆ, ಲಕ್ಷಣವಿಲ್ಲ. ಮಡಕಶಿರವೂ 19 ಬೈಟಿನಲ್ಲಿ ಪಾರಾಗುತ್ತದೆ. ರಾಯದುರ್ಗದ 25ನೆಯ ಬೈಟ್, ಆ ಕೊನೆಯ ಸೊನ್ನೆ, ಒಂದೇ ಒಂದು ಬೈಟ್ ಆಚೆ ಬೀಳುತ್ತದೆ. ಆಚೆ ಇರುವುದು ಮುಂದಿನ ಬ್ಲಾಕಿನ ಅಳತೆಯ ಅತಿ ಕಿರಿಯ ಬೈಟ್. ಅಲ್ಲಿ ಹೆಕ್ಸ್ 21 ಇತ್ತು: ಅಳತೆ 32, ಜೊತೆಗೆ ‘ಹಿಂದಿನ ಬ್ಲಾಕ್ ಬಳಕೆಯಲ್ಲಿದೆ’ ಎಂಬ ಒಂದು ಬಿಟ್. ಈಗ ಸೊನ್ನೆ.

ಮೊದಲು ರಾಯದುರ್ಗಕ್ಕೆ, ಅದರ ಬೆನ್ನಿಗೇ ಅಮರಾಪುರಕ್ಕೆ ಜಾಗ ಕೇಳಿ, ಆಮೇಲೆ ಎರಡು ಹೆಸರನ್ನೂ ತುಂಬಿ, ಪರದೆಯ ಮೇಲೆ ತೋರಿಸಿದರೆ ಎರಡೂ ಸರಿಯಾಗಿ ಮೂಡುತ್ತವೆ. ರಾಯದುರ್ಗದ ಜಾಗವನ್ನು ಫ್ರೀ ಮಾಡಿದರೂ ಈಗಿನ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದರ ಪಕ್ಕದಲ್ಲಿದ್ದ ಅಮರಾಪುರವನ್ನು ಫ್ರೀ ಮಾಡಿದಾಗ ಗ್ಲಿಬ್‌ಸಿಯ ಅನೇಕ ಆವೃತ್ತಿಗಳು ‘ಇನ್ವ್ಯಾಲಿಡ್ ಪಾಯಿಂಟರ್’ ಎಂದು ಪ್ರೋಗ್ರಾಮನ್ನು ನಿಲ್ಲಿಸುತ್ತವೆ. ಪಾಯಿಂಟರ್ ನೂರಕ್ಕೆ ನೂರು ಸರಿ ಇದೆ. ಅಮರಾಪುರದ ಬ್ಲಾಕ್ ಯಾವ ತಪ್ಪೂ ಮಾಡಿಲ್ಲ. ಮತ್ತೊಂದು ಸಂದರ್ಭದಲ್ಲಿ ರಾಯದುರ್ಗವೇ ಕೊನೆಯ ಬ್ಲಾಕ್ ಆಗಿದ್ದು, ಪಕ್ಕದಲ್ಲಿ ಇನ್ನೂ ಹಂಚದ ಜಾಗವಿದ್ದರೆ ಕೆಡುವುದು ಆ ಜಾಗದ ಲೆಕ್ಕ. ಮೊದಲಿಗೆ ಸಿಗುವ 132 ಕೆಬಿ ಮುಗಿದು ಕರ್ನಲ್‌ನಿಂದ ಹೊಸದು ಕೇಳುವ ತನಕ ಪ್ರೋಗ್ರಾಂ ಆರೋಗ್ಯವಾಗಿಯೇ ಓಡಬಹುದು. ಹತ್ತು ಹೆಸರಿನ ಪರೀಕ್ಷೆಯಲ್ಲಿ ಪಾಸಾಗಿ, ಸಾವಿರಾರು ಹೆಸರಿನ ಪಟ್ಟಿಯಲ್ಲಿ ಬೀಳುವ ಪ್ರೋಗ್ರಾಂಗಳ ಒಳಗೆ ಇಂಥದ್ದೊಂದು ಅಡಗಿರುವ ಸಾಧ್ಯತೆ ದೊಡ್ಡದು.

ನಕಲು ಮಾಡುವ ದಿಕ್ಕೂ ಇಲ್ಲೇ ಹೇಳಬೇಕಾದ ಮಾತು. ‘ರೆಪ್ ಮೂವ್‌ಎಸ್‌ಬಿ’ ಮುಂದಕ್ಕೋ ಹಿಂದಕ್ಕೋ ನಡೆಯುವುದು ಡೈರೆಕ್ಷನ್ ಫ್ಲಾಗನ್ನು ನೋಡಿ. ಎಲ್ಲೋ ಒಂದು ‘ಎಸ್‌ಟಿಡಿ’ ಹಾಕಿ ‘ಸಿಎಲ್‌ಡಿ’ ಮರೆತರೆ ಹೆಸರು ಬ್ಲಾಕಿನ ಹಿಂದಕ್ಕೆ ಹರಿದು ತನ್ನದೇ ತಲೆಬರಹವನ್ನು ಅಳಿಸುತ್ತದೆ.

ಉಪಕರಣಗಳ ಬಗ್ಗೆ ನನ್ನ ಆಯ್ಕೆ ಸ್ಪಷ್ಟ. ಅಡ್ರೆಸ್ ಸ್ಯಾನಿಟೈಸರ್ ಸಿ ಬರೆಯುವವರಿಗೆ ವರ. ಆದರೆ ಅದು ಪರೀಕ್ಷೆಯ ಕೋಡನ್ನು ಸೇರಿಸುವುದು ಕಂಪೈಲರ್ ಮೂಲಕ, ಕೈಯಿಂದ ಬರೆದ ಅಸೆಂಬ್ಲಿಯ ಓದು-ಬರಹ ಅದರ ಕಣ್ಣಿಗೆ ಬೀಳುವುದಿಲ್ಲ. ಜೂಲಿಯನ್ ಸೀವರ್ಡ್ 2002ರಲ್ಲಿ ಹೊರತಂದ ವಾಲ್‌ಗ್ರಿಂಡ್ ಓಡುತ್ತಿರುವ ಯಂತ್ರ ಆದೇಶಗಳನ್ನೇ ನೋಡುತ್ತದೆ, ಮೂಲ ಯಾವ ಭಾಷೆ ಎಂಬುದು ಅದಕ್ಕೆ ಬೇಡ. ಕೇಳಿದ್ದು ಎಷ್ಟು ಎಂಬುದನ್ನೂ ಅದು ನೆನಪಿಟ್ಟಿರುತ್ತದೆ. ಆದ್ದರಿಂದ ರಾಯದುರ್ಗದ ಆರನೆಯ ಬೈಟಿಗೇ ದೂರು ಬರುತ್ತದೆ, ಹಿಡಿಸಿಹೋಗಿದ್ದ ಅಮರಾಪುರದ ತಪ್ಪನ್ನೂ ಹೊರಗೆಳೆಯುತ್ತದೆ. ನಾಸ್ಮ್‌ಗೆ ಡಿಬಗ್ ಮಾಹಿತಿ ಸೇರಿಸಲು ಹೇಳಿ ಜೋಡಿಸಿದ್ದರೆ ಸಾಲಿನ ಸಂಖ್ಯೆಯೂ ಸಿಗುತ್ತದೆ. ಕೆಟ್ಟ ವಿಳಾಸ ಯಾವುದೆಂದು ಗೊತ್ತಾದ ಮೇಲೆ ಜಿಡಿಬಿಯ ವಾಚ್‌ಪಾಯಿಂಟ್ ಸಾಕು. ಅದು ಪ್ರೊಸೆಸರಿನ ಡಿಬಗ್ ರಿಜಿಸ್ಟರುಗಳನ್ನು ಬಳಸುವುದರಿಂದ ವೇಗ ಕುಗ್ಗುವುದಿಲ್ಲ, ಒಮ್ಮೆಗೆ ನಾಲ್ಕು ವಿಳಾಸ ಕಾಯಬಹುದು. ಅಲ್ಲಿ ಬರೆದ ಆದೇಶದ ಬೆನ್ನಿಗೇ ನಿಲ್ಲುತ್ತದೆ.

ತಮ್ಮದೇ ಹಂಚಿಕೆ ವ್ಯವಸ್ಥೆ ಬರೆಯುವವರ ಪಾಲಿಗೆ ವಾಲ್‌ಗ್ರಿಂಡ್ ಕೂಡ ಹೆಚ್ಚು ನೆರವಾಗದು. ಎಂಮ್ಯಾಪ್‌ನಿಂದ ಒಂದು ದೊಡ್ಡ ತುಂಡು ತಂದು ಒಳಗೆ ತಾವೇ ಹಂಚಿದರೆ ಅದಕ್ಕೆ ಕಾಣುವುದು ಆ ಒಂದು ತುಂಡು ಮಾತ್ರ. ಇಲ್ಲಿ ಡೊನಾಲ್ಡ್ ಕ್ನೂತ್ ತಮ್ಮ 1968ರ ಮೊದಲ ಸಂಪುಟದಲ್ಲಿ ವಿವರಿಸಿದ ಉಪಾಯ ಇಂದಿಗೂ ಒಳ್ಳೆಯದು: ಪ್ರತಿ ಬ್ಲಾಕಿನ ಎರಡೂ ತುದಿಯಲ್ಲಿ ಅಳತೆ ಬರೆದಿಡುವುದು. ಹೊಲದ ಎರಡು ಮಗ್ಗುಲಿಗೂ ಬಾಂದುಕಲ್ಲು ನೆಟ್ಟ ಹಾಗೆ, ಒಂದು ಸರಿದರೆ ಇನ್ನೊಂದು ಸಾಕ್ಷಿ ಹೇಳುತ್ತದೆ. ಕ್ನೂತ್ ಅದನ್ನು ತಂದದ್ದು ಬಿಡುಗಡೆಯಾದ ಬ್ಲಾಕನ್ನು ನೆರೆಯ ಖಾಲಿ ಬ್ಲಾಕಿನೊಂದಿಗೆ ಬೇಗ ಕೂಡಿಸಲು. ದೋಷ ಹುಡುಕುವವರಿಗೆ ಅದರ ಇನ್ನೊಂದು ಉಪಯೋಗವಿದೆ. ಮೊದಲ ಬ್ಲಾಕಿನಿಂದ ಅಳತೆ ಕೂಡಿಸುತ್ತ ಕೊನೆಯವರೆಗೂ ನಡೆದು, ಪ್ರತಿ ಬ್ಲಾಕಿನ ಎರಡು ತುದಿ ಹೊಂದುತ್ತವೆಯೇ, ನಡಿಗೆ ತುಂಡಿನ ಕೊನೆಯಲ್ಲೇ ಮುಗಿಯುತ್ತದೆಯೇ ಎಂದು ನೋಡುವ ಒಂದು ಪ್ರೊಸೀಜರ್ ಬರೆಯಿರಿ. ಇಪ್ಪತ್ತು-ಮೂವತ್ತು ಆದೇಶಗಳಿಗಿಂತ ಹೆಚ್ಚು ಬೇಕಾಗದು. ಎಲ್ಲ ರಿಜಿಸ್ಟರುಗಳನ್ನೂ ಫ್ಲಾಗುಗಳನ್ನೂ ಉಳಿಸಿ ಮರಳಿಸಬೇಕೆಂಬುದೊಂದೇ ಷರತ್ತು, ಇಲ್ಲವಾದರೆ ತನಿಖೆಯೇ ಹೊಸ ತಪ್ಪು ಹುಟ್ಟಿಸುತ್ತದೆ. ಹೀಪಿಗೆ ಬರೆಯುವ ಪ್ರತಿ ಹಂತದ ನಂತರ ಅದನ್ನು ಕರೆಯಿರಿ. ಒಂದು ಕರೆಯಲ್ಲಿ ಸರಿ ಇದ್ದು ಮುಂದಿನದರಲ್ಲಿ ಕೆಟ್ಟಿದ್ದರೆ ತಪ್ಪಿದ ಸಾಲು ಆ ಎರಡರ ನಡುವೆಯೇ ಇದೆ. ಕರೆಗಳನ್ನು ಹತ್ತಿರ ಹತ್ತಿರ ತಂದರೆ ಕೊನೆಗೆ ಉಳಿಯುವುದು ನಾಲ್ಕೈದು ಆದೇಶ. ದೊಡ್ಡ ಪ್ರೋಗ್ರಾಂಗೆ ಇದು ನಿಧಾನ, ಲ್ಯಾಬಿನ ಅಳತೆಯದಕ್ಕೆ ಭಾರವಲ್ಲ. ಎಲ್ಲ ಸರಿಹೋದ ಮೇಲೆ ಈ ಕರೆಗಳನ್ನು ಅಸೆಂಬ್ಲರಿನ ‘ಇಫ್‌ಡೆಫ್’ ಒಳಗೆ ಹಾಕಿಟ್ಟರೆ ಬೇಕಾದಾಗ ಮತ್ತೆ ಹಚ್ಚಿಕೊಳ್ಳಬಹುದು.